ಜ್ವರ ಬಂದವರು ಮನೆಯಲ್ಲಿರಲಿ ಅಂತೀರಿ, ಆ ದಿನದ ಕೂಲಿ ಯಾರು ಕೊಡ್ತಾರೆ? (ಫ್ಲೂ ಮಹಾಮಾರಿಗೆ ನಮ್ಮ ಕಡೆಯ ಕೆಲಸದ ಜಾಗಗಳ ತಯಾರಿ)

ಹಾಸನ ಎಚ್‌ಆರ್

ಎಲ್ಲರಿಗೂ ನಮಸ್ಕಾರ. ಹಾಸನದ ಕೈಗಾರಿಕಾ ಪ್ರದೇಶದ ಒಂದು ಹೊಲಿಗೆ ಘಟಕದಲ್ಲಿ ಎಚ್‌ಆರ್ ಕೆಲಸ ನನ್ನದು. ಸುಮಾರು 140 ಜನ ಇದ್ದಾರೆ, ಮುಕ್ಕಾಲು ಪಾಲು ಹೆಂಗಸರು. ಆಲೂರು, ಅರಕಲಗೂಡು, ಹೊಳೆನರಸೀಪುರ ಕಡೆಯಿಂದ ಕಂಪನಿ ಬಸ್ಸಲ್ಲಿ ಬರುತ್ತಾರೆ. ಮಾಲೀಕರು ಮೊನ್ನೆ ಕರೆದು, ಇನ್ನೊಂದು ಮಹಾಮಾರಿ ಬಂದರೆ ನಾವು ಏನು ಮಾಡಬೇಕು ಅಂತ ಎರಡು ಪುಟ ಬರೆದು ಕೊಡಿ ಅಂದರು. ಈ ಸಲ ಫ್ಲೂ ಬಗ್ಗೆ ಯೋಚಿಸಿ ಅಂತ ಹೊರಗಿನ ಖರೀದಿದಾರರ ಕಡೆಯಿಂದ ಪ್ರಶ್ನೆ ಬಂದಿದೆಯಂತೆ.

ಹಳೆಯ ಕೊರೊನಾ ಫೈಲ್ ತೆಗೆದು ನೋಡಿದೆ. ಗೇಟಲ್ಲಿ ಟೆಂಪರೇಚರ್ ಗನ್, ಕಾಲಲ್ಲಿ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡ್, ನೆಲದ ಮೇಲೆ ಹಳದಿ ವೃತ್ತ, ಬೆರಳಿಡುವ ಹಾಜರಿ ಮಷಿನ್ ಬಂದ್. ಇಷ್ಟೇ ಇದೆ. ಇದನ್ನೇ ತಾರೀಖು ಬದಲಿಸಿ ಕೊಟ್ಟರೆ ಸಾಕಾ? ಬೇರೆ ಕಡೆ ಏನು ಮಾಡಿದ್ದೀರಿ ಹೇಳಿ. ಬರೀ ಫ್ಯಾಕ್ಟರಿಯವರು ಅಂತಲ್ಲ, ತೋಟ, ಅಂಗಡಿ, ಹೋಂಸ್ಟೇ ಯಾರಾದರೂ ಸರಿ.

ಮಲ್ನಾಡ್ ಸಿಸ್ಟರ್

ತಾರೀಖು ಬದಲಿಸಿದರೆ ಸಾಲದು. ಫ್ಲೂ ಓಡುವ ಸ್ಪೀಡೇ ಬೇರೆ.

ಸೋಂಕು ತಗುಲಿದ ಒಂದರಿಂದ ನಾಲ್ಕು ದಿನದೊಳಗೆ ಜ್ವರ ಬರುತ್ತದೆ, ಹೆಚ್ಚಿನವರಿಗೆ ಎರಡನೇ ದಿನಕ್ಕೇ. ಜ್ವರ ಬರುವ ಹಿಂದಿನ ದಿನದಿಂದಲೇ ಬೇರೆಯವರಿಗೆ ಹರಡಲು ಶುರು, ಆಮೇಲೆ ಐದರಿಂದ ಏಳು ದಿನ ಹರಡುತ್ತದೆ. ಅಂದರೆ ಸೋಮವಾರ ಒಬ್ಬಳು ಬಸ್ಸಲ್ಲಿ ಕೆಮ್ಮಿದರೆ ಗುರುವಾರದ ಹೊತ್ತಿಗೆ ಅದೇ ಬಸ್ಸಿನ ನಾಲ್ಕು ಸೀಟು ಖಾಲಿ. ಸಭೆ ಕರೆದು, ಸುತ್ತೋಲೆ ಹೊರಡಿಸಿ, ಸಹಿ ಹಾಕಿಸೋಣ ಅನ್ನುವಷ್ಟು ಟೈಮ್ ಕೊಡುವ ಕಾಯಿಲೆ ಅಲ್ಲ ಇದು.

ಇನ್ನು ಗೇಟಿನ ಟೆಂಪರೇಚರ್ ಗನ್. ಬೆಳಿಗ್ಗೆ ಒಂದು ಡೋಲೊ ನುಂಗಿ ಬಂದವರನ್ನು ಅದು ಹಿಡಿಯುವುದಿಲ್ಲ. ಜ್ವರ ಬರುವ ಹಿಂದಿನ ದಿನ ಹರಡುತ್ತಿರುವವರನ್ನು ಹಿಡಿಯುವ ಮಾತೇ ಇಲ್ಲ. ಗೇಟಲ್ಲಿ ನಿಲ್ಲಿಸುವವನಿಗೆ ಒಂದು ಕೆಲಸ ಸಿಗುತ್ತದೆ, ಅಷ್ಟೇ.

ಇದೆಲ್ಲ ಬೇರೆ ಊರಿನ ಸುದ್ದಿ ಅಂದುಕೊಳ್ಳಬೇಡಿ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಫ್ಲೂ ಸಾವು ಅಂತ ದೇಶದ ಎಲ್ಲ ಚಾನೆಲ್‌ಗಳಲ್ಲಿ ಬಂತಲ್ಲ, ತೀರಿಕೊಂಡವರು ನಮ್ಮ ಹಾಸನ ಜಿಲ್ಲೆಯ ಹಿರಿಯರೊಬ್ಬರು. ಅದು ಮಹಾಮಾರಿ ಕೂಡ ಅಲ್ಲ, ವರ್ಷ ವರ್ಷ ಬರುವ ಫ್ಲೂ. ನಮ್ಮ ದೇಶದಲ್ಲಿ ಇದಕ್ಕೆ ವರ್ಷಕ್ಕೆ ಎರಡು ಸೀಸನ್: ಜನವರಿಯಿಂದ ಮಾರ್ಚ್ ಒಂದು, ಮಳೆಗಾಲ ಮತ್ತು ಅದರ ಬೆನ್ನಿಗೆ ಇನ್ನೊಂದು.

ಮೂಡಿಗೆರೆ ತೋಟದವ

ಜನವರಿಯಿಂದ ಮಾರ್ಚ್ ಅಂದರೆ ರೋಬಸ್ಟಾ ಕೊಯ್ಲು. ಅದಕ್ಕೆ ಮುಂಚೆ ನವೆಂಬರಿಂದ ಅರೇಬಿಕಾ. ಜನ ಸಾಲದೆ ಅಸ್ಸಾಂ, ಜಾರ್ಖಂಡ್‌ನಿಂದ ಬಂದವರನ್ನು ನಂಬಿಕೊಂಡು ಕೂತಿರುತ್ತೇವೆ. ಆಗ ಹೋಗಿ ಜ್ವರ ಇದ್ದವರು ಐದು ದಿನ ಮಲಗಿ ಅನ್ನಲೇ? ಹಣ್ಣು ಗಿಡದಲ್ಲಿ ನಮಗೋಸ್ಕರ ಕಾಯುವುದಿಲ್ಲ ಸಿಸ್ಟರ್. ಕಪ್ಪಾಗಿ ನೆಲಕ್ಕೆ ಬೀಳುತ್ತದೆ.

ಇನ್ನೊಂದು ವಿಷಯ. ಫ್ಯಾಕ್ಟರಿಯಲ್ಲಿ ಸಂಬಳ ಇದೆ, ರಜೆ ಅನ್ನುವುದೊಂದು ಇದೆ. ನಮ್ಮಲ್ಲಿ ಕೊಯ್ಲಿಗೆ ಕೆಜಿ ಲೆಕ್ಕ. ಕುಯ್ದಷ್ಟು ದುಡ್ಡು. ಮಲಗಿದವನಿಗೆ ಯಾವ ಲೆಕ್ಕದಲ್ಲಿ ಕೊಡೋದು?

ನಾಲ್ಕನೇ ಲೈನ್

ನಾನು ಎಚ್‌ಆರ್ ಅಲ್ಲ, ಮಷಿನ್ ಮೇಲೆ ಕೂರುವವಳು. ಬೇರೆ ಫ್ಯಾಕ್ಟರಿ, ಹೆಸರು ಬೇಡ.

ನಮಗೆ ಹಾಜರಿ ಬೋನಸ್ ಅಂತ ಇದೆ. ತಿಂಗಳಲ್ಲಿ ಒಂದು ದಿನ ತಪ್ಪಿದರೂ ಅದು ಪೂರ್ತಿ ಹೋಗುತ್ತದೆ. ಅದರ ಮೇಲೆ ಆ ದಿನದ ಸಂಬಳ ಕಟ್, ಮರುದಿನ ಸೂಪರ್‌ವೈಸರ್ ಮುಖ ಬೇರೆ ನೋಡಬೇಕು. ಹಾಗಾಗಿ ಜ್ವರ ಬಂದರೆ ನಾವೆಲ್ಲ ಮಾತ್ರೆ ನುಂಗಿ ಬರುತ್ತೇವೆ. ಪಕ್ಕದವಳಿಗೂ ಗೊತ್ತಿರುತ್ತದೆ, ಅವಳೂ ಅದನ್ನೇ ಮಾಡುತ್ತಾಳೆ. ಬ್ಯಾಗಲ್ಲಿ ಟಿಫಿನ್ ಡಬ್ಬಿ ಮರೆತರೂ ಮಾತ್ರೆ ಶೀಟ್ ಮರೆಯುವುದಿಲ್ಲ.

ನೀವು ಎರಡು ಪುಟ ಬರೆಯಿರಿ, ಇಪ್ಪತ್ತು ಪುಟ ಬರೆಯಿರಿ. ಹಾಜರಿ ಬೋನಸ್ಸಿನ ಆ ಒಂದು ಸಾಲು ಹಾಗೇ ಇದ್ದರೆ ಕಾಯಿಲೆ ಇದ್ದವರು ಬಂದೇ ಬರುತ್ತಾರೆ.

ಹಾಸನ ಎಚ್‌ಆರ್

ಇದು ನಿಜ. ನಮ್ಮಲ್ಲೂ ಹಾಜರಿ ಬೋನಸ್ ಇದೆ. ಆದರೆ ಅದನ್ನು ತೆಗೆದರೆ ಸೋಮವಾರ ಅರ್ಧ ಲೈನ್ ಖಾಲಿ ಅನ್ನುತ್ತಾರೆ ಪ್ರೊಡಕ್ಷನ್‌ನವರು. ಮತ್ತೆ ನಮ್ಮವರಿಗೆಲ್ಲ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಇದೆಯಲ್ಲ, ಕಾಯಿಲೆ ಬಂದರೆ ಅಲ್ಲಿಂದ ದುಡ್ಡು ಬರುತ್ತದೆ ಅನ್ನೋದು ಮಾಲೀಕರ ವಾದ.

ಪಿಎಫ್ ಇಎಸ್‌ಐ ಲೆಕ್ಕದವ

ಇಲ್ಲಿ ಒಂದು ಸೂಕ್ಷ್ಮ ಇದೆ. ಹೆಚ್ಚಿನ ಮಾಲೀಕರಿಗೆ ಗೊತ್ತೇ ಇಲ್ಲ.

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇಎಸ್‌ಐಗೆ ಬರುತ್ತಾರೆ. ಕೆಲಸಗಾರರ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25. ಕಾಯಿಲೆ ಬಿದ್ದರೆ ಸಂಬಳದ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಇಲ್ಲಿವರೆಗೆ ಚೆನ್ನಾಗಿದೆ.

ಆದರೆ ಕಾಯಿಲೆಯ ಮೊದಲ ಎರಡು ದಿನಕ್ಕೆ ಏನೂ ಸಿಗುವುದಿಲ್ಲ. ಅದು ಕಾಯುವ ಅವಧಿ. ಹದಿನೈದು ದಿನದೊಳಗೆ ಮತ್ತೆ ಕಾಯಿಲೆ ಬಿದ್ದರೆ ಮಾತ್ರ ಆ ಎರಡು ದಿನದ ಕಡಿತ ಇಲ್ಲ. ಟಿಬಿ, ಆಪರೇಷನ್ ಅಂಥ ಉದ್ದ ಕಾಯಿಲೆಗೆ ಎರಡು ದಿನ ದೊಡ್ಡದಲ್ಲ. ಫ್ಲೂ ಅಂದರೆ ಒಟ್ಟು ಮಲಗುವುದೇ ನಾಲ್ಕೈದು ದಿನ. ಅದರಲ್ಲಿ ಎರಡು ದಿನ ಸೊನ್ನೆ, ಉಳಿದದ್ದಕ್ಕೆ ಶೇ. 70, ಅದಕ್ಕೂ ಇಎಸ್‌ಐ ಡಾಕ್ಟರ ಸರ್ಟಿಫಿಕೇಟ್ ಬೇಕು. ಮೇಲಿನ ಅಕ್ಕ ಹೇಳಿದ ಮಾತ್ರೆ ಶೀಟಿನ ಲೆಕ್ಕ ಇಲ್ಲಿಗೆ ಬಂದು ಕೂರುತ್ತದೆ. ಅತಿ ಹೆಚ್ಚು ಹರಡುವ ದಿನಗಳೇ ಆ ಮೊದಲ ಎರಡು ಮೂರು ದಿನ. ದುಡ್ಡು ಸಿಗದ ದಿನಗಳೂ ಅವೇ.

ಆದ್ದರಿಂದ ಎಚ್‌ಆರ್ ಅವರೇ, ನಿಮ್ಮ ಎರಡು ಪುಟದಲ್ಲಿ ಮೊದಲ ಸಾಲು ಹೀಗಿರಲಿ: ಜ್ವರದ ಮೊದಲ ಎರಡು ದಿನದ ಪೂರ್ತಿ ಸಂಬಳ ಕಂಪನಿಯದ್ದು, ಆ ಎರಡು ದಿನ ಹಾಜರಿ ಬೋನಸ್ಸಿಗೆ ಲೆಕ್ಕ ಇಲ್ಲ. ಬೋನಸ್ ಪೂರ್ತಿ ತೆಗೆಯಬೇಕಿಲ್ಲ. ಜ್ವರವನ್ನು ಅದರ ಲೆಕ್ಕದಿಂದ ಹೊರಗಿಟ್ಟರೆ ಆಯಿತು.

ಅಂಗಡಿ, ಶೋರೂಮ್, ಆಫೀಸಿನವರಿಗೆ ಬೇರೆ. 1961ರ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಕಾಯಿಲೆ ಮತ್ತಿತರ ಕಾರಣಕ್ಕೆ ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ ಇದೆ. ಬಿ.ಎಂ. ರಸ್ತೆಯ ಎಷ್ಟು ಬಟ್ಟೆ ಅಂಗಡಿಗಳ ಹುಡುಗರಿಗೆ ಇದು ಗೊತ್ತು ಅಂತ ಕೇಳಬೇಡಿ.

ನಾಲ್ಕನೇ ಲೈನ್

ಮೊದಲ ಎರಡು ದಿನಕ್ಕೆ ಇಎಸ್‌ಐ ದುಡ್ಡು ಇಲ್ಲ ಅನ್ನೋದು ನನಗೂ ಇವತ್ತೇ ಗೊತ್ತಾಗಿದ್ದು. ಯಾರೂ ಹೇಳಿರಲಿಲ್ಲ.

ಹೋಂಸ್ಟೇ ಅಕ್ಕ

ಬರೀ ಕೆಲಸಗಾರರದ್ದೇ ಮಾತಾಯಿತು. ಚಿಕ್ಕಮಗಳೂರಲ್ಲಿ ನಮಗೆ ಬರೋ ಗೆಸ್ಟ್‌ಗಳದ್ದೇ ಕಷ್ಟ. ಶನಿವಾರ ಭಾನುವಾರ ಮುಳ್ಳಯ್ಯನಗಿರಿ ನೋಡಲು ಬೆಂಗಳೂರಿಂದ ಬರುತ್ತಾರೆ. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಇಲ್ಲ ಅಂತ ನಾವೇ ಬೋರ್ಡ್ ಹಾಕಿರುತ್ತೇವೆ. ಹಾಗಾಗಿ ಮಗುವಿಗೆ ಜ್ವರ ಇದ್ದರೂ ಬಂದೇ ಬರುತ್ತಾರೆ. ನಮ್ಮಲ್ಲಿ ಅಡುಗೆಗೆ ಇರೋದು ಒಬ್ಬರೇ. ಅವರಿಗೆ ಅಂಟಿದರೆ ಎರಡು ವಾರ ಅಂಗಡಿ ಬಂದ್.

ಈಗ ಜ್ವರ ಇದ್ದರೆ ತಾರೀಖು ಮುಂದೆ ಹಾಕಿಕೊಳ್ಳಿ, ದುಡ್ಡು ಹೋಗುವುದಿಲ್ಲ ಅಂತ ಮಾಡಿದ್ದೇನೆ. ಸುಳ್ಳು ಹೇಳುವವರು ಒಬ್ಬಿಬ್ಬರು ಇರುತ್ತಾರೆ, ಇರಲಿ ಬಿಡಿ.

ಮೂಡಿಗೆರೆ ತೋಟದವ

ಎಲ್ಲ ಸರಿ. ನನ್ನ ಕೆಜಿ ಲೆಕ್ಕಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಬಾಳೆಹೊನ್ನೂರು ರೈಟರ್

ನಾನು ಕೊಡುತ್ತೇನೆ. ತೋಟದಲ್ಲಿ ರೈಟರ್ ಕೆಲಸ, ಹಾಜರಿ ಪುಸ್ತಕ ನನ್ನ ಕೈಲೇ ಇರುವುದು.

ಕೆಜಿ ಲೆಕ್ಕದಲ್ಲಿ ಇದ್ದರೂ ಮಲಗಿದ ದಿನಕ್ಕೆ ಮಾಮೂಲಿ ದಿನಗೂಲಿ ಬರೆಯಬಹುದು. ಕೊಯ್ಲಲ್ಲಿ ಅವನು ಅದಕ್ಕಿಂತ ಜಾಸ್ತಿ ದುಡಿಯುತ್ತಾನೆ, ಹಾಗಾಗಿ ಸುಮ್ನೆ ಮಲಗಲು ಯಾರಿಗೂ ಆಸೆ ಬರುವುದಿಲ್ಲ. ಕಾಯಿಲೆ ಇದ್ದವನು ಮಾತ್ರ ಮಲಗುತ್ತಾನೆ. ಲೆಕ್ಕ ಹಾಕಿ ನೋಡಿ. ದಿನಗೂಲಿ 500 ಅಂತ ಇಟ್ಟುಕೊಳ್ಳಿ. ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೆಲಸಗಾರರ ಸಾಲು ಮನೆಗಳಲ್ಲಿ, 40 ಜನ. ಹತ್ತು ಜನ ಐದು ದಿನ ಮಲಗಿದರು ಅಂದರೆ 25,000. ಅದನ್ನು ಉಳಿಸಲು ಹೋಗಿ ನಲವತ್ತಕ್ಕೆ ಮೂವತ್ತು ಜನ ಒಟ್ಟಿಗೆ ಮಲಗಿದರೆ ಆ ವಾರದ ಹಣ್ಣು ಎಷ್ಟು ನೆಲಕ್ಕೆ ಬೀಳುತ್ತದೆ, ನೀವೇ ಹೇಳಿ. ಬಿದ್ದ ಹಣ್ಣು ಬಿಟ್ಟರೆ ಮುಂದಿನ ವರ್ಷ ಕಾಯಿಕೊರಕ, ಅದರ ಖರ್ಚು ಬೇರೆ.

ತೋಟದಲ್ಲಿ ಕೂಲಿಗಿಂತ ದೊಡ್ಡ ತಲೆನೋವು ಲೈನ್ ಮನೆಗಳು. ಒಂದೇ ಗೋಡೆ, ಒಂದೇ ಮಾಡು. ಹೊರಗಿನಿಂದ ಬಂದವರು ಒಂದು ಕೋಣೆಯಲ್ಲಿ ಆರೆಂಟು ಜನ. ಮನೆಯಲ್ಲಿರಿ ಅಂದರೆ ಯಾವ ಮನೆ? ಅದಕ್ಕೇ ಕೊಯ್ಲು ಶುರುವಾಗುವ ಮುಂಚೆ ಲೈನಿನ ತುದಿಯ ಒಂದು ಮನೆ ಖಾಲಿ ಇಡಿಸಿ. ಕಿಟಕಿ ತೆಗೆಯುವಂತಿರಬೇಕು, ಬೇರೆ ಕಕ್ಕಸು, ನೀರಿನ ನಲ್ಲಿ ಇರಬೇಕು. ಹೊತ್ತಿಗೆ ಗಂಜಿ, ನೀರು ಒಯ್ದು ಕೊಡುವವರು ಯಾರು ಅಂತ ಮೊದಲೇ ಹೆಸರು ಬರೆದಿಡಬೇಕು. ಇಲ್ಲದಿದ್ದರೆ ಅದು ಆರೈಕೆ ಆಗುವುದಿಲ್ಲ, ಕೂಡಿ ಹಾಕಿದ ಹಾಗಾಗುತ್ತದೆ. ಆಮೇಲೆ ಯಾರೂ ಜ್ವರ ಇದೆ ಅಂತ ಬಾಯಿ ಬಿಡುವುದಿಲ್ಲ.

1951ರ ಪ್ಲಾಂಟೇಶನ್ ಕಾಯ್ದೆ ಬಂದಾಗಿಂದ ದೊಡ್ಡ ತೋಟಗಳಲ್ಲಿ ವಸತಿ, ವೈದ್ಯಕೀಯ ಸೌಲಭ್ಯ ಮಾಲೀಕರ ಜವಾಬ್ದಾರಿ. ಇದು ದಾನ ಧರ್ಮದ ಮಾತಲ್ಲ. ಸಣ್ಣ ತೋಟದವರಿಗೆ ಕಾನೂನು ಅಷ್ಟು ಹಿಡಿಯುವುದಿಲ್ಲ ನಿಜ, ವೈರಸ್ಸಿಗೆ ಎಕರೆ ಲೆಕ್ಕ ಗೊತ್ತಿಲ್ಲ.

ಮತ್ತೆ ನೋಟಿಸ್ ಕನ್ನಡದಲ್ಲಿ ಮಾತ್ರ ಅಂಟಿಸಬೇಡಿ. ಅಸ್ಸಾಮಿನವರಿಗೆ ಓದಲು ಬರುವುದಿಲ್ಲ. ಅವರ ಗುಂಪಿನ ಮೇಸ್ತ್ರಿಗೆ ಕೂರಿಸಿ ಹೇಳಿ, ಅವನ ಬಾಯಲ್ಲೇ ವಾಟ್ಸಾಪ್ ವಾಯ್ಸ್ ಮೆಸೇಜ್ ಮಾಡಿಸಿ ಗುಂಪಿಗೆ ಹಾಕಿಸಿ. ಅವರಿಗೆ ಇರುವ ದೊಡ್ಡ ಭಯ ಏನು ಗೊತ್ತಾ? ಜ್ವರ ಅಂದ ತಕ್ಷಣ ಊರಿಗೆ ಕಳಿಸಿಬಿಡುತ್ತಾರೆ ಅಂತ. 2020ರಲ್ಲಿ ನೋಡಿದ್ದಾರಲ್ಲ.

ಮೂಡಿಗೆರೆ ತೋಟದವ

25,000ದ ಲೆಕ್ಕ ಒಪ್ಪಿದೆ. ಖಾಲಿ ಲೈನ್ ಮನೆ ಕೊಯ್ಲಿನ ಟೈಮಲ್ಲಿ ಎಲ್ಲಿಂದ ತರಲಿ ಸ್ವಾಮಿ. ಹಳೆ ಗೊಬ್ಬರದ ಗೋಡೌನ್ ಒಂದಿದೆ.

ಮಲ್ನಾಡ್ ಸಿಸ್ಟರ್

ಗೊಬ್ಬರ, ಔಷಧಿ ಇಟ್ಟ ಗೋಡೌನ್ ಬೇಡವೇ ಬೇಡ. ಕೆಮ್ಮುವವರನ್ನು ಆ ವಾಸನೆಯಲ್ಲಿ ಮಲಗಿಸುತ್ತೀರಾ? ಕಣದ ಪಕ್ಕದ ಶೆಡ್ಡಿಗೆ ಗೋಡೆ ಮರೆ ಮಾಡಿದರೂ ಅದಕ್ಕಿಂತ ವಾಸಿ, ಗಾಳಿಯಾದರೂ ಆಡುತ್ತದೆ.

ಡೈರಿ ಸೆಕ್ರೆಟರಿ

ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಾಲಿನ ಸೊಸೈಟಿ. ನಮ್ಮಲ್ಲಿ ಮಲಗಿ ಅನ್ನಲು ಜನವೇ ಇಲ್ಲ. ನಾನು, ಹಾಲು ಪರೀಕ್ಷೆ ಮಾಡುವ ಹುಡುಗ, ಇನ್ನೊಬ್ಬ ಸಹಾಯಕ. ಹಸುವಿಗೆ ಭಾನುವಾರ ಇಲ್ಲ, ಮಹಾಮಾರಿಯೂ ಇಲ್ಲ. ಬೆಳಿಗ್ಗೆ ಸಂಜೆ ಕ್ಯಾನ್ ಹಿಡಿದು ಜನ ಬಂದೇ ಬರುತ್ತಾರೆ. ಫ್ಯಾಟ್ ನೋಡುವ ಹುಡುಗ ಮಲಗಿದರೆ ಇಡೀ ಊರಿನ ಹಾಲು ನಿಲ್ಲುತ್ತದೆ.

ಅದಕ್ಕೆ ನಾವು ಮಾಡಿದ್ದು ಇಷ್ಟೇ. ಒಂದೊಂದು ಕೆಲಸಕ್ಕೂ ಮೂರು ಜನರ ಹೆಸರು. ಮಷಿನ್ ನಡೆಸಲು ಮೂರು ಜನಕ್ಕೆ ಬರಬೇಕು. ಬೀಗದ ಕೈ ಎರಡು ಮನೆಯಲ್ಲಿರಬೇಕು. ಕಂಪ್ಯೂಟರ್ ಪಾಸ್‌ವರ್ಡ್ ಅಧ್ಯಕ್ಷರ ಹತ್ತಿರ ಮುಚ್ಚಿದ ಕವರಲ್ಲಿ. ಬ್ಯಾಂಕ್ ಚೆಕ್ಕಿಗೆ ಸಹಿ ಹಾಕುವವರಲ್ಲಿ ಒಬ್ಬರು ಮಲಗಿದರೆ ಬಟವಾಡೆ ನಿಲ್ಲಬಾರದು, ಅದಕ್ಕೆ ಇನ್ನೊಬ್ಬರ ಸಹಿ ಈಗಲೇ ಬ್ಯಾಂಕಲ್ಲಿ ಕೊಟ್ಟಿಡಿ. ಕಾಯಿಲೆ ಬಂದಾಗ ನಿರ್ಣಯ ಬರೆದು ಬ್ಯಾಂಕಿಗೆ ಓಡಿದರೆ ಆಗುವ ಕೆಲಸ ಅಲ್ಲ ಅದು. ನಿಮ್ಮ ಫ್ಯಾಕ್ಟರಿಯಲ್ಲಿ ಸಂಬಳ ಹಾಕುವವರು ಎಷ್ಟು ಜನ ಇದ್ದಾರೆ ಎಚ್‌ಆರ್ ಅವರೇ?

ಹಾಸನ ಎಚ್‌ಆರ್

ಒಬ್ಬರೇ. ಮತ್ತೆ ಬಾಯ್ಲರ್‌ಗೆ ಒಬ್ಬ, ಜನರೇಟರ್‌ಗೆ ಒಬ್ಬ. ಇದನ್ನು ಯೋಚಿಸಿಯೇ ಇರಲಿಲ್ಲ ಯಾರೂ. ಒಟ್ಟಿಗೆ ಎಷ್ಟು ಜನ ಬರದೇ ಇರಬಹುದು ಅಂತ ಇಟ್ಟುಕೊಂಡು ಲೆಕ್ಕ ಹಾಕಲಿ?

ಮಲ್ನಾಡ್ ಸಿಸ್ಟರ್

ಅಮೆರಿಕ ಸರ್ಕಾರ 2006ರಲ್ಲಿ ಮಾಡಿದ ಫ್ಲೂ ಯೋಜನೆಯಲ್ಲಿ, ಅಲೆ ಏರಿದ ಎರಡು ವಾರ ಶೇ. 40ರವರೆಗೆ ಜನ ಬರದೇ ಇರಬಹುದು ಅಂತ ಇಟ್ಟುಕೊಂಡಿದ್ದರು. ಅದು ಊಹೆಯ ಸಂಖ್ಯೆ, ತಯಾರಿಗೋಸ್ಕರ. ಅಷ್ಟೂ ಜನಕ್ಕೆ ಕಾಯಿಲೆ ಅಂತ ಅರ್ಥ ಅಲ್ಲ. ಮನೆಯಲ್ಲಿ ಮಲಗಿದವರನ್ನು ನೋಡಿಕೊಳ್ಳುವವರು, ಹೆದರಿದವರು ಎಲ್ಲ ಸೇರಿ. ನಿಮ್ಮಲ್ಲಿ ಹೆಂಗಸರು ಜಾಸ್ತಿ. ಶಾಲೆ, ಅಂಗನವಾಡಿ ಮುಚ್ಚಿದ ದಿನವೇ ನಿಮ್ಮ ಲೈನ್ ಖಾಲಿ ಆಗುತ್ತದೆ, ಒಬ್ಬರಿಗೂ ಜ್ವರ ಬರುವ ಮುಂಚೆಯೇ. ಮಗುವಿಗೆ ಜ್ವರ ಬಂದರೆ ಸಿಗುವ ರಜೆಯನ್ನೂ ಆ ಎರಡು ಪುಟದಲ್ಲಿ ಸೇರಿಸಿ.

ಗರ್ಭಿಣಿಯರ ವಿಷಯ ಬೇರೆಯೇ ಬರೆಯಿರಿ. 2009ರ ಎಚ್1ಎನ್1 ಫ್ಲೂನಲ್ಲಿ (ಹಂದಿಜ್ವರ) ಗರ್ಭಿಣಿಯರಿಗೆ ತುಂಬ ಜೋರಾಗಿ ಹೊಡೆಯಿತು. ಸಕ್ಕರೆ ಕಾಯಿಲೆ, ಆಸ್ತಮಾ ಇದ್ದವರು, ವಯಸ್ಸಾದವರು ಸಹ. ಇವರಿಗೆ ಜ್ವರ ಬಂದರೆ ನೋಡೋಣ ಅಂತ ಕೂರಬಾರದು. ಫ್ಲೂ ವೈರಸ್ಸಿಗೇ ಕೊಡುವ ಒಸೆಲ್ಟಾಮಿವಿರ್ ಮಾತ್ರೆ, ಕಾಯಿಲೆ ಶುರುವಾದ 48 ಗಂಟೆಯೊಳಗೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಡಾಕ್ಟರು ಬರೆದು ಕೊಡಬೇಕು. ಮೆಡಿಕಲ್ ಶಾಪಲ್ಲಿ ಕೇಳಿ ಆಂಟಿಬಯೋಟಿಕ್ ತಗೊಳ್ಳುವುದು ದಂಡ, ವೈರಸ್ಸಿಗೆ ಅದು ಏನೂ ಮಾಡುವುದಿಲ್ಲ.

ಕೋಳಿ ಫಾರಂ

ಹಕ್ಕಿಜ್ವರ (ಕೋಳಿಗಳಿಗೆ ಬರುವ ಫ್ಲೂ) ಬಂದಾಗ ಕೋಳಿ ತಿನ್ನಬಾರದು ಅಂತ ದಯವಿಟ್ಟು ಇಲ್ಲಿ ಯಾರೂ ಹಬ್ಬಿಸಬೇಡಿ. ಚೆನ್ನಾಗಿ ಬೇಯಿಸಿದರೆ ಏನೂ ಆಗಲ್ಲ. ಪ್ರತಿ ಸಲ ನಮ್ಮ ಹೊಟ್ಟೆ ಮೇಲೆ ಹೊಡೆಯುತ್ತಾರೆ.

ಮಲ್ನಾಡ್ ಸಿಸ್ಟರ್

ತಿನ್ನಬಹುದು. ಕಾಯಿಲೆ ಬಿದ್ದ, ಸತ್ತ ಕೋಳಿಯನ್ನು ಬರಿಗೈಲಿ ಮುಟ್ಟುವವರ ವಿಷಯ ಬೇರೆ. ನಿಮ್ಮ ಫಾರಂ ಹುಡುಗರಿಗೆ ಗ್ಲೌಸ್, ಮಾಸ್ಕ್ ಕೊಟ್ಟಿದ್ದೀರಾ?

ಪಿಎಫ್ ಇಎಸ್‌ಐ ಲೆಕ್ಕದವ

ಸರ್ಟಿಫಿಕೇಟ್ ವಿಷಯ ಬಿಟ್ಟುಹೋಗಿದೆ. ಎಲ್ಲ ಕಡೆ ಒಂದೇ ನಿಯಮ, ಡಾಕ್ಟರ್ ಚೀಟಿ ತಂದರೆ ಮಾತ್ರ ಕಾಯಿಲೆ ರಜೆ. ಮಹಾಮಾರಿಯಲ್ಲಿ ಇದು ನಡೆಯುತ್ತದಾ?

ಮಲ್ನಾಡ್ ಸಿಸ್ಟರ್

ನಡೆಯುವುದಿಲ್ಲ, ನಡೆಯಲೂ ಬಾರದು. 2009ರ ಸಮಯದಲ್ಲಿ ಕೇಂದ್ರ ಆರೋಗ್ಯ ಇಲಾಖೆ ರೋಗಿಗಳನ್ನು ಎ, ಬಿ, ಸಿ ಅಂತ ಮೂರು ಗುಂಪು ಮಾಡಿತ್ತು. ಸಣ್ಣ ಜ್ವರ, ಕೆಮ್ಮು, ಗಂಟಲು ನೋವಿನ ಎ ಗುಂಪಿಗೆ ಪರೀಕ್ಷೆಯೂ ಬೇಡ, ಒಸೆಲ್ಟಾಮಿವಿರ್ ಕೂಡ ಬೇಡ, ಮನೆಯಲ್ಲಿ ಪ್ರತ್ಯೇಕ ಇದ್ದರೆ ಸಾಕು ಅಂತ ಇತ್ತು. ಜೋರು ಜ್ವರ ಇದ್ದವರು, ಅಪಾಯ ಜಾಸ್ತಿ ಇರುವವರು ಬಿ. ಉಸಿರಾಟದ ತೊಂದರೆ, ಎದೆ ನೋವು, ಮಂಪರು ಇದ್ದರೆ ಸಿ, ಅವರನ್ನು ಅಡ್ಮಿಟ್ ಮಾಡಬೇಕು. ಎ ಗುಂಪಿನವಳು ಒಂದು ಚೀಟಿಗೋಸ್ಕರ ಅರಕಲಗೂಡಿಂದ ಹಾಸನದ ಜಿಲ್ಲಾಸ್ಪತ್ರೆಗೆ ಎರಡು ಬಸ್ ಹತ್ತಿ, ಓಪಿಡಿ ಕ್ಯೂನಲ್ಲಿ ನಿಂತು, ದಾರಿಯುದ್ದಕ್ಕೂ ಹಂಚಿಕೊಂಡು ಬರುತ್ತಾಳೆ. ಒಳಗೆ ಸಿ ಗುಂಪಿನವರನ್ನು ನೋಡಬೇಕಾದ ಡಾಕ್ಟರು ಕೂತು ಚೀಟಿ ಬರೆಯುತ್ತಿರುತ್ತಾರೆ.

ಮೊದಲ ಐದು ದಿನಕ್ಕೆ ಫೋನಲ್ಲಿ ಹೇಳಿದರೆ ಸಾಕು ಅಂತ ಮಾಡಿ. ಸಲಹೆಗೆ 104ಕ್ಕೆ ಫೋನ್ ಮಾಡಲಿ, ಉಸಿರು ಕಟ್ಟಿದರೆ 108. ವಾಪಸ್ ಬರಲು ಒಂದೇ ನಿಯಮ ಸಾಕು: ಮಾತ್ರೆ ತಗೊಳ್ಳದೆ 24 ಗಂಟೆ ಜ್ವರ ಇರಬಾರದು. ‘ಮಾತ್ರೆ ತಗೊಳ್ಳದೆ’ ಅನ್ನೋದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.

ಮೂಡಿಗೆರೆ ತೋಟದವ

ಚೀಟಿ ಇಲ್ಲದಿದ್ದರೆ ದುರುಪಯೋಗ ಆಗುತ್ತದೆ. ಹಾಸನಾಂಬೆ ಬಾಗಿಲು ತೆಗೆದಾಗ ಎಲ್ಲರಿಗೂ ಜ್ವರ ಬರುತ್ತದೆ ನೋಡಿ.

ನಾಲ್ಕನೇ ಲೈನ್

ಬರಲಿ ಬಿಡಿ ಅಣ್ಣ. ದೇವಿ ದರ್ಶನಕ್ಕೆ ಒಂದು ದಿನ ಹೋದವರಿಂದ ಲೈನ್ ಮುಳುಗಲ್ಲ. ಅಷ್ಟು ಜನಸಂದಣಿಯಲ್ಲಿ ನಿಂತು ಬಂದು ಮೂರನೇ ದಿನ ನಿಜವಾಗಿಯೂ ಜ್ವರ ಬಂತು ಅಂದಾಗ, ಮೊನ್ನೆಯೇ ರಜೆ ಮುಗಿಯಿತಲ್ಲ ಅಂತ ಮಾತ್ರೆ ನುಂಗಿ ಬಂದರೆ ಮುಳುಗುತ್ತದೆ.

ಬಾಳೆಹೊನ್ನೂರು ರೈಟರ್

ಲಸಿಕೆ ಯಾರೂ ಮಾತಾಡಲಿಲ್ಲ. ಕಂಪನಿ ದುಡ್ಡಲ್ಲಿ ಹಾಕಿಸಬಹುದಾ?

ಮಲ್ನಾಡ್ ಸಿಸ್ಟರ್

ಹಾಕಿಸಬಹುದು. ಸರ್ಕಾರದ ಸಾರ್ವತ್ರಿಕ ಲಸಿಕೆ ಪಟ್ಟಿಯಲ್ಲಿ ಫ್ಲೂ ಇಲ್ಲ, ಹಾಗಾಗಿ ದುಡ್ಡು ಕೊಟ್ಟು ಹಾಕಿಸಬೇಕು. ಪ್ರತಿ ವರ್ಷ ಹೊಸದಾಗಿ ಬೇಕು, ಕೆಲಸ ಮಾಡಲು ಎರಡು ವಾರ ಹಿಡಿಯುತ್ತದೆ. ಎಲ್ಲರಿಗೂ ಆಗದಿದ್ದರೆ ಮೊದಲು ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಆಮೇಲೆ ಡ್ರೈವರ್, ಕ್ಯಾಂಟೀನ್‌ನವರು. ಆದರೆ ಒಂದು ತಿಳಿದಿರಲಿ. ಹೊಸ ತಳಿಯ ಮಹಾಮಾರಿ ಬಂದರೆ ಈ ಲಸಿಕೆ ಅದನ್ನು ತಡೆಯುತ್ತದೆ ಅಂತ ನಂಬಿ ಕೂರುವಂತಿಲ್ಲ. ಹೊಸ ತಳಿಗೆ ಲಸಿಕೆ ಮಾಡಲು ಐದಾರು ತಿಂಗಳು ಬೇಕು. ಆ ಐದಾರು ತಿಂಗಳು ನಿಮ್ಮ ಕೈಲಿರುವುದು ರಜೆ, ಗಾಳಿ, ಮಾಸ್ಕ್, ಸೋಪು.

ಮತ್ತೆ ಮೊದಲ ಅಲೆ ಇಳಿದ ಕೂಡಲೇ ನೋಟಿಸ್ ಹರಿದು ಹಾಕಬೇಡಿ. 1918ರಲ್ಲಿ ಜೂನ್ ತಿಂಗಳಿಗೆ ಬೊಂಬಾಯಿಗೆ ಬಂದ ಫ್ಲೂ ಮೊದಲು ಅಂಥ ಜೋರೇನೂ ಇರಲಿಲ್ಲ. ಸೆಪ್ಟೆಂಬರ್ ಆಮೇಲೆ ಬಂದ ಎರಡನೇ ಅಲೆಯೇ ದೇಶದಲ್ಲಿ ಕೋಟಿಗೂ ಮೀರಿ ಜನರನ್ನು ತಗೊಂಡು ಹೋಗಿದ್ದು. ಅದರಲ್ಲೂ ದುಡಿಯುವ ವಯಸ್ಸಿನವರೇ ಜಾಸ್ತಿ. 2009ರದ್ದನ್ನು ವಿಶ್ವ ಆರೋಗ್ಯ ಸಂಸ್ಥೆ ಜೂನ್ 11ಕ್ಕೆ ಮಹಾಮಾರಿ ಅಂತ ಘೋಷಿಸಿತು, ಮುಗಿಯಿತು ಅಂದಿದ್ದು 2010ರ ಆಗಸ್ಟ್ 10ಕ್ಕೆ. ಹದಿನಾಲ್ಕು ತಿಂಗಳು.

ಡೈರಿ ಸೆಕ್ರೆಟರಿ

ಗಾಳಿ ಅಂದಿರಿ. ಕಂಪನಿ ಬಸ್ಸಿನ ಕಿಟಕಿ?

ಹಾಸನ ಎಚ್‌ಆರ್

ಜುಲೈ ಮಳೆಯಲ್ಲಿ ಆಲೂರು ಕಡೆಯ ಬಸ್ಸಲ್ಲಿ ಕಿಟಕಿ ತೆಗೆಯಿರಿ ಅಂದರೆ ಹೆಂಗಸರು ನನ್ನನ್ನೇ ಇಳಿಸಿಬಿಡುತ್ತಾರೆ. ಮೇಲಿನ ಗಾಜು ನಾಲ್ಕು ಬೆರಳು ತೆಗೆದು, ಎಲ್ಲರಿಗೂ ಮಾಸ್ಕ್ ಅಂತ ಮಾಡಬಹುದು. ಒಂದು ಟ್ರಿಪ್ಪಿನ ಜನರನ್ನು ಒಂದೇ ಲೈನಲ್ಲಿ ಕೂರಿಸಿದರೆ ಹೇಗೆ ಅಂತಲೂ ಯೋಚಿಸುತ್ತಿದ್ದೇನೆ. ಬಸ್ಸಲ್ಲಿ ಅಂಟಿದರೂ ಆ ಲೈನ್ ಮಾತ್ರ ಹೋಗುತ್ತದೆ, ಇಡೀ ಹಾಲ್ ಅಲ್ಲ. ಹಾಲಲ್ಲಿ ಎರಡೂ ಕಡೆ ಕಿಟಕಿ, ಎಕ್ಸಾಸ್ಟ್ ಫ್ಯಾನ್ ಇದೆ, ನಡೆಸುವುದಿಲ್ಲ ಅಷ್ಟೇ. ಕರೆಂಟ್ ಬಿಲ್.

ಗೇಟಲ್ಲಿ ಅಂಟಿಸುವ ನೋಟಿಸ್ ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

“ಜ್ವರ, ಕೆಮ್ಮು, ಮೈಕೈ ನೋವು ಇದ್ದರೆ ಬಸ್ ಹತ್ತಬೇಡಿ. ಬೆಳಿಗ್ಗೆ ನಿಮ್ಮ ಸೂಪರ್‌ವೈಸರ್‌ಗೆ ಫೋನ್ ಮಾಡಿ. ಮೊದಲ ಎರಡು ದಿನದ ಪೂರ್ತಿ ಸಂಬಳ ಕಂಪನಿ ಕೊಡುತ್ತದೆ. ಆಮೇಲಿನ ದಿನಕ್ಕೆ ಇಎಸ್‌ಐ ಅರ್ಜಿ ನಾವೇ ಹಾಕಿಸುತ್ತೇವೆ. ಹಾಜರಿ ಬೋನಸ್ ಕಟ್ ಆಗುವುದಿಲ್ಲ. ಐದು ದಿನದವರೆಗೆ ಕಂಪನಿಗೆ ಚೀಟಿ ಬೇಡ. ಮಾತ್ರೆ ತಗೊಳ್ಳದೆ 24 ಗಂಟೆ ಜ್ವರ ಇಲ್ಲದಿದ್ದರೆ ಕೆಲಸಕ್ಕೆ ಬನ್ನಿ. ಮನೆಯಲ್ಲಿ ಮಗುವಿಗೆ ಜ್ವರ ಇದ್ದರೂ ಇದೇ ರಜೆ.”

ಪಿಎಫ್ ಇಎಸ್‌ಐ ಲೆಕ್ಕದವ

ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ಕಂಪನಿಗೆ ಚೀಟಿ ಬೇಡ, ಸರಿ. ಇಎಸ್‌ಐಗೆ ಬೇಕೇ ಬೇಕು. ಮೂರನೇ ದಿನದಿಂದ ದುಡ್ಡು ಬೇಕಾದವರು ಚೀಟಿಗೆ ಓಡುತ್ತಾರೆ, ಸಿಸ್ಟರ್ ಹೇಳಿದ ಕ್ಯೂ ಮತ್ತೆ ಅಲ್ಲೇ. ಐದು ದಿನಕ್ಕೂ ಕಂಪನಿಯೇ ಸಂಬಳ ಕೊಟ್ಟು, ಇಎಸ್‌ಐ ಅನ್ನು ಐದು ದಿನ ಮೀರಿದವರಿಗೆ ಇಟ್ಟರೆ ಸರಿಹೋಗುತ್ತದೆ. ಮಗುವಿನ ಜ್ವರಕ್ಕಂತೂ ಇಎಸ್‌ಐ ಕಾಯಿಲೆ ದುಡ್ಡು ಬರುವುದೇ ಇಲ್ಲ, ಅದು ಕಂಪನಿ ರಜೆಯೇ ಆಗಬೇಕು. ಮಾಲೀಕರು ಒಪ್ಪುತ್ತಾರಾ?

ಹಾಸನ ಎಚ್‌ಆರ್

ಐದು ದಿನಕ್ಕೆ ಒಪ್ಪುವುದು ಕಷ್ಟ. ಮೂರಕ್ಕಾದರೂ ಒಪ್ಪಿಸಬಹುದೇನೋ. ರೈಟರ್ ಅವರ 25,000ದ ಲೆಕ್ಕವನ್ನು ನಮ್ಮ 140 ಜನಕ್ಕೆ ಹಾಕಿ, ಒಂದು ಶಿಪ್‌ಮೆಂಟ್ ತಪ್ಪಿದರೆ ಕಟ್ಟುವ ದಂಡದ ಪಕ್ಕ ಇಟ್ಟು ತೋರಿಸುತ್ತೇನೆ.

ನಾಲ್ಕನೇ ಲೈನ್

ಸೂಪರ್‌ವೈಸರ್‌ಗೆ ಫೋನ್ ಮಾಡಿ ಅನ್ನೋದನ್ನು ಮೊದಲು ತೆಗೆಯಿರಿ. ಟಾರ್ಗೆಟ್ ಇರೋದೇ ಅವರ ತಲೆ ಮೇಲೆ, ಬಾ ಅಂತಲೇ ಅನ್ನುತ್ತಾರೆ. ನಿಮ್ಮ ಆಫೀಸಿನ ಒಂದು ನಂಬರ್ ಕೊಡಿ, ಮಿಸ್ಡ್ ಕಾಲ್ ಸಾಕು ಅಂತ ಮಾಡಿ.

ಹಾಸನ ಎಚ್‌ಆರ್

ಸರಿ, ಎಚ್‌ಆರ್ ನಂಬರಿಗೆ ಮಿಸ್ಡ್ ಕಾಲ್ ಅಂತ ಹಾಕಿದೆ. ಬೆಳಿಗ್ಗೆ ಆರಕ್ಕೆ ಬಸ್ ಹೊರಡುತ್ತದೆ, ಐದಕ್ಕೆ ಫೋನ್ ನೋಡುವವರು ಯಾರು ಅಂತ ಈಗ ಹುಡುಕಬೇಕು. ಬಹುಶಃ ನಾನೇ.